ಅಪ್ಪನಿಗೆ ಬಿಸಿಜಿ ಬರೆದಿದ್ದಾರೆ. ಕ್ಯಾನ್ಸರ್‌ಗೆ ಲಸಿಕೆ ಅಂದ್ರೆ ಯಾವುದನ್ನು ನಂಬಬೇಕು?

ಬ್ಯಾಡಗಿ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನಿರೋದು ಹುಬ್ಬಳ್ಳಿಯಲ್ಲಿ, ಊರು ಬ್ಯಾಡಗಿ ಹತ್ತಿರ. ಅಪ್ಪನಿಗೆ 64 ವರ್ಷ. ಮೆಣಸಿನಕಾಯಿ ಬೆಳೆಯುತ್ತಾರೆ. ನಲವತ್ತು ವರ್ಷ ಬೀಡಿ ಸೇದಿದ್ದಾರೆ. ಹೋದ ದೀಪಾವಳಿ ಹೊತ್ತಿಗೆ ಮೂತ್ರದಲ್ಲಿ ರಕ್ತ ಬಂತು. ನೋವಿಲ್ಲ, ಉರಿಯಿಲ್ಲ. "ಉಷ್ಣ ಆಗೇತಿ, ಎರಡು ದಿನ ಮಜ್ಜಿಗಿ ಕುಡದ್ರ ಹೋಗತೈತಿ" ಅಂದರು. ಹೋಯಿತು ಕೂಡ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಂತು. ಆಗ ಯಾರಿಗೂ ಹೇಳಲೇ ಇಲ್ಲ. ಅವ್ವ ಬಚ್ಚಲಲ್ಲಿ ನೋಡಿ ನನಗೆ ಫೋನ್ ಮಾಡಿದಳು. ಅವತ್ತೇ ಹೋಗಿ ಕರೆದುಕೊಂಡು ಬಂದೆ.

ಸ್ಕ್ಯಾನ್ ಆಯಿತು, ದುರ್ಬೀನು ಹಾಕಿ ನೋಡಿದರು. ಮೂತ್ರಕೋಶದಲ್ಲಿ ಗಡ್ಡೆ. ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಕೆರೆದು ತೆಗೆದರು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೆರೆದು ನೋಡಿದರು. ಬಯಾಪ್ಸಿ ರಿಪೋರ್ಟಿನಲ್ಲಿ ಹೈ ಗ್ರೇಡ್ ಕ್ಯಾನ್ಸರ್, ಅಂದ್ರೆ ಬೇಗ ಬೆಳೆಯೋ ಜಾತಿ ಅಂತಿದೆ, ಆದರೆ ಸ್ನಾಯುವಿನೊಳಗೆ ಇಳಿದಿಲ್ಲವಂತೆ. ಈಗ ಡಾಕ್ಟರು ವಾರಕ್ಕೊಂದರಂತೆ 6 ವಾರ ಬಿಸಿಜಿ ಹಾಕಬೇಕು ಅಂದಿದ್ದಾರೆ.

ಅಪ್ಪ ಅಲ್ಲೇ ಕೇಳಿದರು: "ಸಣ್ಣ ಕೂಸಿಗೆ ಹಾಕೋ ಸೂಜಿ ನನಗ್ಯಾಕಪಾ?" ನಮ್ಮ ಮನೆಯಲ್ಲಿ ಐದು ತಿಂಗಳ ಮಗ ಇದ್ದಾನೆ. ಅವನ ಎಡ ತೋಳಿನ ಮೇಲೆ ಅದೇ ಬಿಸಿಜಿ ಕಲೆ ಇನ್ನೂ ಕೆಂಪಗಿದೆ. ನನಗೆ ಉತ್ತರ ಹೊಳೆಯಲಿಲ್ಲ. ಒಪಿಡಿಯಲ್ಲಿ ಹಿಂದೆ ನಲವತ್ತು ಜನ ನಿಂತಿದ್ದರು, ಡಾಕ್ಟರಿಗೂ ಪುರುಸೊತ್ತಿರಲಿಲ್ಲ.

ಅದೇ ವಾರ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ರಷ್ಯಾದ ಕ್ಯಾನ್ಸರ್ ಲಸಿಕೆ ಬಂದೇಬಿಟ್ಟಿತು ಅನ್ನೋ ವಿಡಿಯೋ ಬಂತು. ನಮ್ಮ ಕಾಕಾ ಅದನ್ನು ಹಿಡಿದು ಕೂತಿದ್ದಾರೆ. ಅವರಿಗೆ ಪರಿಚಯದ ಒಬ್ಬ ಏಜೆಂಟ್, "ರೋಗಿಯ ರಕ್ತದಿಂದಲೇ ಲಸಿಕೆ ಮಾಡಿಸಿ ಕೊಡುತ್ತೇವೆ, 7 ಲಕ್ಷ, ಮೊದಲು 2 ಲಕ್ಷ ಕಟ್ಟಿ" ಅಂತಿದ್ದಾನಂತೆ. ಕಾಕಾ ಹೇಳೋದು, "ಒಂದೆಕರೆ ಮಾರಿದ್ರೂ ಚಿಂತಿಲ್ಲ, ಹೊಸಾದು ಹಾಕಸೋಣ. ನೂರು ವರ್ಷದ ಹಳೇ ಸೂಜಿ ಬ್ಯಾಡ." ಅವರು ಅಣ್ಣನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ಬಿಸಿಜಿ ಮೊದಲ ಡೋಸ್ ಮುಂದಿನ ಗುರುವಾರ. ಗೊತ್ತಿದ್ದವರು ಹೇಳಿ. ಮಕ್ಕಳ ಲಸಿಕೆ ಕ್ಯಾನ್ಸರ್‌ಗೆ ಹೇಗೆ ಕೆಲಸ ಮಾಡುತ್ತದೆ? ಇದನ್ನು ಬಿಟ್ಟು ಹೊಸದರ ಹಿಂದೆ ಹೋಗಬೇಕಾ?

ನವನಗರ ಸಿಸ್ಟರ್

ತಮ್ಮಾ, ಗುರುವಾರದ ಡೋಸ್ ಮಾತ್ರ ತಪ್ಪಿಸಬೇಡಿ. ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡಿ. ರಾತ್ರಿ ಡ್ಯೂಟಿ ಮುಗಿಸಿ ವಿವರವಾಗಿ ಬರೆಯುತ್ತೇನೆ. ನಾನು ಮೂತ್ರರೋಗ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ.

ಸಪ್ತಾಪುರ ಮಾಸ್ತರು

ಕಾಕಾ ಅವರು "ನೂರು ವರ್ಷದ ಹಳೇ ಸೂಜಿ" ಅಂದದ್ದು ಲೆಕ್ಕದಲ್ಲಿ ಸರಿಯಾಗಿದೆ. ಫ್ರಾನ್ಸಿನ ಲೀಲ್ ಊರಿನಲ್ಲಿ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು 1908ರಲ್ಲಿ ಶುರು ಮಾಡಿದರು. ದನಗಳಿಗೆ ಬರುವ ಕ್ಷಯದ ಬ್ಯಾಕ್ಟೀರಿಯಾವನ್ನು ಆಲೂಗಡ್ಡೆ ಹೋಳು, ಪಿತ್ತರಸ, ಗ್ಲಿಸರಿನ್ ಮೇಲೆ ಬೆಳೆಸಿದರು. ಬೆಳೆದದ್ದನ್ನು ತೆಗೆದು ಮತ್ತೆ ಹೊಸದರ ಮೇಲೆ ಹಾಕಿದರು. ಹೀಗೆ 13 ವರ್ಷ, 230 ಸಲ. ನಡುವೆ ಮೊದಲನೇ ಮಹಾಯುದ್ಧವೂ ಬಂದು ಹೋಯಿತು. ಕೊನೆಗೆ ಆ ಬ್ಯಾಕ್ಟೀರಿಯಾ ಜೀವಂತ ಇದ್ದರೂ ರೋಗ ತರುವ ಶಕ್ತಿ ಕಳೆದುಕೊಂಡಿತು. 1921ರಲ್ಲಿ ಮೊದಲ ಸಲ, ಕ್ಷಯ ತಡೆಯಲೆಂದು, ಒಂದು ಹಸುಗೂಸಿಗೆ ಕೊಟ್ಟರು. ಬಿಸಿಜಿಯಲ್ಲಿರುವ ಸಿ ಮತ್ತು ಜಿ ಈ ಇಬ್ಬರ ಹೆಸರೇ.

ಕ್ಯಾನ್ಸರ್‌ಗೂ ಸೋಂಕಿಗೂ ಏನೋ ಸಂಬಂಧ ಇದೆ ಅನ್ನೋ ಗುಮಾನಿ ಇನ್ನೂ ಹಳೆಯದು. ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ 1891ರಲ್ಲಿ ಗಡ್ಡೆ ಇದ್ದ ರೋಗಿಗಳಿಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿದ. ಜೋರು ಜ್ವರ ಬಂದ ಕೆಲವರಲ್ಲಿ ಗಡ್ಡೆ ಕರಗಿತು. ಎಲ್ಲರಲ್ಲಿ ಅಲ್ಲ, ಕೆಲವರಲ್ಲಿ. 1929ರಲ್ಲಿ ರೇಮಂಡ್ ಪರ್ಲ್ ಎಂಬಾತ ಶವಪರೀಕ್ಷೆಯ ದಾಖಲೆ ನೋಡಿ, ಕ್ಷಯ ಇದ್ದವರಲ್ಲಿ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಅಂದ. ಆಮೇಲೆ 1976ರಲ್ಲಿ ಕೆನಡಾದ ಡಾಕ್ಟರ್ ಅಲ್ವಾರೋ ಮೊರಾಲೆಸ್ 9 ರೋಗಿಗಳ ಮೂತ್ರಕೋಶದೊಳಗೆ ಬಿಸಿಜಿ ಹಾಕಿ, ಫಲಿತಾಂಶ ಪ್ರಕಟಿಸಿದರು. ಅಮೆರಿಕದ ಔಷಧ ಇಲಾಖೆ 1990ರಲ್ಲಿ ಒಪ್ಪಿಗೆ ಕೊಟ್ಟಿತು.

ಆರೇ ವಾರ ಯಾಕೆ ಅಂತ ಕೇಳಿದರೆ ಇನ್ನೊಂದು ಸಂಗತಿ ಇದೆ. ಮೊರಾಲೆಸ್ ಅವರಿಗೆ ಸಿಗುತ್ತಿದ್ದ ಬಿಸಿಜಿ ಡಬ್ಬಿಯಲ್ಲಿ ಆರು ಕುಪ್ಪಿ ಇರುತ್ತಿದ್ದವು. ಒಂದು ಡೋಸಿನ ಉರಿ, ಜ್ವರ ಇಳಿಯಲು ವಾರದೊಳಗಿನ ಸಮಯ ಸಾಕಾಗುತ್ತಿತ್ತು. ಹಾಗಾಗಿ ವಾರಕ್ಕೊಂದು, ಆರು ವಾರ. ಐವತ್ತು ವರ್ಷ ಆದರೂ ಅದೇ ಲೆಕ್ಕ ನಡೆದಿದೆ, ಯಾಕಂದ್ರೆ ಕೆಲಸ ಮಾಡುತ್ತಿದೆ.

ಬೆಟಗೇರಿ ಮಗ್ಗ

ನನಗೆ ಹಾಕಿದ್ದಾರೆ. ಆರು ಮುಗಿಸಿ, ಆಮೇಲಿನ ಮೂರು ಮೂರು ಕೂಡ ನಡೆದಿವೆ. ಎರಡು ವರ್ಷ ಆಯಿತು. ದುರ್ಬೀನು ಹಾಕಿ ನೋಡಿದಾಗೆಲ್ಲ ಸ್ವಚ್ಛ ಇದೆ. ತಂದೆಯವರಿಗೆ ಧೈರ್ಯ ಹೇಳಿ.

ನವನಗರ ಸಿಸ್ಟರ್

ಮಾಸ್ತರು ಇತಿಹಾಸ ಹೇಳಿದರು, ನಾನು ಗುರುವಾರದ ದಿನ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ಇದನ್ನು ತೋಳಿಗೆ ಸೂಜಿ ಚುಚ್ಚಿ ಹಾಕೋದಲ್ಲ. ಕುಪ್ಪಿಯಲ್ಲಿರೋ ಪುಡಿಯನ್ನು ಸಲೈನಿನಲ್ಲಿ ಕಲಸಿ, ಸುಮಾರು 50 ಎಂಎಲ್, ಮೂತ್ರದ ದಾರಿಯಿಂದ ಸಣ್ಣ ಕ್ಯಾತಿಟರ್ ಪೈಪ್ ಹಾಕಿ ನೇರ ಮೂತ್ರಕೋಶಕ್ಕೆ ಬಿಡುತ್ತಾರೆ. ಪೈಪ್ ತೆಗೆಯುತ್ತಾರೆ. ಆಮೇಲೆ ಅಪ್ಪ ಎರಡು ತಾಸು ಮೂತ್ರ ತಡೆದುಕೊಳ್ಳಬೇಕು. ಇಷ್ಟೇ. ಆದರೆ ಆ ಎರಡು ತಾಸೇ ಇಡೀ ಚಿಕಿತ್ಸೆ. ಅದಕ್ಕೇ ಬೆಳಿಗ್ಗೆಯಿಂದ ನೀರು, ಚಹಾ ಕಡಿಮೆ ಇರಲಿ. ನಮ್ಮ ಕಡೆ ಹಿರಿಯರಿಗೆ ಚಹಾ ಬಿಡಿಸೋದು ಕಷ್ಟ, ಆದರೂ ಅವತ್ತೊಂದು ದಿನ ಬಿಡಿಸಿ. ನಮ್ಮ ವಾರ್ಡಿನಲ್ಲಿ ಕಾಲು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿ ಅಂತ ಹೇಳುತ್ತೇವೆ. ಎಡಕ್ಕೆ, ಬಲಕ್ಕೆ, ಬೋರಲು, ಅಂಗಾತ. ಔಷಧಿ ಎಲ್ಲಾ ಗೋಡೆಗೂ ತಾಗಬೇಕಲ್ವಾ.

ಎರಡು ತಾಸು ಆದ ಮೇಲೆ ಕೂತೇ ಮೂತ್ರ ಮಾಡಬೇಕು, ನಿಂತು ಅಲ್ಲ. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಸಿಡಿಯಬಾರದು. ಮುಂದಿನ ಆರು ತಾಸು ಪ್ರತಿ ಸಲ ಮೂತ್ರ ಮಾಡಿದ ಮೇಲೆ ಕಮೋಡಿಗೆ ಬ್ಲೀಚ್ ದ್ರಾವಣ ಹಾಕಿ, ಕಾಲು ತಾಸು ಬಿಟ್ಟು ನೀರು ಬಿಡಿ. ಅವತ್ತು ಊರಿಗೆ ಕಳಿಸಬೇಡಿ. ಬಸ್ಸಿನಲ್ಲಿ, ಹೊಲದಲ್ಲಿ ಇದೆಲ್ಲ ಆಗೋದಿಲ್ಲ. ನಿಮ್ಮ ಮನೆಯಲ್ಲೇ ಒಂದು ರಾತ್ರಿ ಇರಲಿ.

ಉರಿ ಆಗುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ, ಮೈ ಬೆಚ್ಚಗಾಗುತ್ತದೆ, ಕೈಕಾಲು ಸೋತಂತಾಗುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಜ್ವರ 101 ದಾಟಿ ಇಳಿಯದೇ ಇದ್ದರೆ, ಚಳಿ ನಡುಕ ಬಂದರೆ, "ನಾಳೆ ನೋಡೋಣ" ಅನ್ನಬೇಡಿ. ರಾತ್ರಿ ಆದರೂ ಆಸ್ಪತ್ರೆಗೆ ಬನ್ನಿ, ಬಂದ ಕೂಡಲೇ ಬಿಸಿಜಿ ಹಾಕಿಸಿದ್ದೇವೆ ಅಂತ ಹೇಳಿ. ಅಪರೂಪಕ್ಕೆ ಆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ತೊಂದರೆ ಕೊಡುತ್ತದೆ. ಅದಕ್ಕೆ ಟಿಬಿ ಮಾತ್ರೆಯೇ ಔಷಧಿ, ಬೇಗ ಕೊಟ್ಟರೆ ವಾಸಿಯಾಗುತ್ತದೆ. ಇನ್ನೊಂದು, ಪೈಪ್ ಹಾಕುವಾಗ ರಕ್ತ ಬಂದರೆ ಅಥವಾ ಮೂತ್ರದಲ್ಲಿ ಸೋಂಕಿದ್ದರೆ ಆ ವಾರ ಡೋಸ್ ಮುಂದೂಡುತ್ತಾರೆ. ಅದಕ್ಕೆ ಬೇಜಾರಾಗಬೇಡಿ. ಅಪ್ಪ ಬೇರೆ ಯಾವುದಕ್ಕಾದರೂ ಸ್ಟಿರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಈಗಲೇ ತಿಳಿಸಿ.

ಬ್ಯಾಡಗಿ ಹುಡುಗ

ಅಕ್ಕಾ, ಕೈ ಮುಗಿಯುತ್ತೇನೆ. ಇಷ್ಟು ವಿವರ ನಮಗೆ ಯಾರೂ ಹೇಳಿರಲಿಲ್ಲ. ಒಂದು ಕೇಳಲಾ? ಜೀವಂತ ಬ್ಯಾಕ್ಟೀರಿಯಾ ಅಂದಿರಿ. ಅಪ್ಪ ಮೊಮ್ಮಗನನ್ನು ಎತ್ತಿಕೊಳ್ಳಬಹುದಾ? ಅವರಿಗೆ ಈಗಿರೋ ಸಮಾಧಾನ ಅದೊಂದೇ.

ನವನಗರ ಸಿಸ್ಟರ್

ಧಾರಾಳವಾಗಿ ಎತ್ತಿಕೊಳ್ಳಲಿ. ಕೆಮ್ಮಿನಿಂದ, ಮುಟ್ಟೋದರಿಂದ ಇದು ಹರಡೋದಿಲ್ಲ. ಮೂತ್ರ ಮಾಡಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಆಯಿತು.

ಗಂಗಾವತಿ ಓಣಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್ ಆದಾಗ ದಿನಾ ಅಮೃತಬಳ್ಳಿ ಕಷಾಯ ಕೊಟ್ಟೆವು. ರೋಗ ನಿರೋಧಕ ಶಕ್ತಿ ಹೆಚ್ಚಾದರೆ ದೇಹವೇ ಕ್ಯಾನ್ಸರ್ ಜೊತೆ ಹೋರಾಡುತ್ತದೆ ಅಂತಾರಲ್ಲ. ಲಸಿಕೆ ಮಾಡೋದೂ ಅದೇ ಅಲ್ವಾ? ಹಾಗಿದ್ದರೆ ಮನೆಮದ್ದೇ ಸಾಲೋದಿಲ್ವಾ?

ಟಿ ಕೋಶ

ಈ ಪ್ರಶ್ನೆ ಬಂದಿದ್ದು ಒಳ್ಳೆಯದಾಯಿತು. ನಾನು ಧಾರವಾಡದವಳು. ಬೆಂಗಳೂರಿನಲ್ಲಿ ರೋಗನಿರೋಧಕ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ.

"ಶಕ್ತಿ ಹೆಚ್ಚಿಸೋದು" ಅನ್ನೋ ಮಾತೇ ನಮ್ಮ ದಾರಿ ತಪ್ಪಿಸುತ್ತದೆ. ಬಹಳ ರೋಗಿಗಳಲ್ಲಿ ಶಕ್ತಿಗೆ ಕೊರತೆ ಇರೋದಿಲ್ಲ, ಗುರುತು ಸಿಗೋದಿಲ್ಲ. ಬ್ಯಾಡಗಿಯವರ ಭಾಷೆಯಲ್ಲೇ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ರಾಶಿ ಇದೆ ಅಂದುಕೊಳ್ಳಿ. ಅದರಲ್ಲಿ ಬೇರೆ ತಳಿಯ ಕಾಯಿ ಒಂದಿಷ್ಟು ಸೇರಿಕೊಂಡಿವೆ. ಎಲ್ಲವೂ ಕೆಂಪು, ಎಲ್ಲವೂ ಮೆಣಸಿನಕಾಯಿಯೇ. ಗೊತ್ತಿಲ್ಲದವರನ್ನು ನೂರು ಜನ ನಿಲ್ಲಿಸಿದರೂ ಆರಿಸಲಾರರು. ಸುಕ್ಕು ಎಷ್ಟು, ತೊಟ್ಟು ಹೇಗೆ ಅಂತ ಒಮ್ಮೆ ತೋರಿಸಿಕೊಟ್ಟರೆ ಒಬ್ಬನೇ ಕೂತು ಆರಿಸುತ್ತಾನೆ. ಕ್ಯಾನ್ಸರ್ ಕೋಶ ನಮ್ಮದೇ ಕೋಶ ಕೆಟ್ಟು ಆಗಿದ್ದು. ಮೇಲ್ನೋಟಕ್ಕೆ ನಮ್ಮದೇ ಥರ ಇರುತ್ತದೆ. ಲಸಿಕೆಯ ಕೆಲಸ ಆ ಸುಕ್ಕು ತೋರಿಸಿಕೊಡೋದು. ಕಷಾಯ ಇದನ್ನು ಮಾಡಲಾರದು. ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟ ರೋಗಿಗಳ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕೀಮೋ ನಡೆಯುವಾಗ ಲಿವರ್ ಮೊದಲೇ ದಣಿದಿರುತ್ತದೆ. ಅತ್ತೆಯವರಿಗೆ ಇನ್ನೂ ಕೊಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಮುಚ್ಚಿಡಬೇಡಿ.

ಈಗ ಬಿಸಿಜಿ. ಅದು ಗುರುತು ತೋರಿಸೋ ಲಸಿಕೆಯೂ ಅಲ್ಲ. ಅದು ಗದ್ದಲ ಎಬ್ಬಿಸುತ್ತದೆ. ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟಿ, ಕೋಶಗಳ ಒಳಗೆ ಹೋಗುತ್ತವೆ. ಕ್ಷಯ ಬಂತು ಅಂತ ದೇಹ ತಿಳಿಯುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಓಡಿ ಬರುತ್ತವೆ. ಬಂದ ಮೇಲೆ ಅಲ್ಲೇ ಉಳಿದಿದ್ದ ಕ್ಯಾನ್ಸರ್ ಕೋಶಗಳೂ ಕಣ್ಣಿಗೆ ಬೀಳುತ್ತವೆ. ಉರಿ, ಜ್ವರ ಎಲ್ಲ ಆ ಗದ್ದಲದ್ದೇ. ಮೂತ್ರಕೋಶ ಚೀಲದ ಹಾಗಿರೋದರಿಂದ ಔಷಧಿಯನ್ನು ಒಳಗೇ ನಿಲ್ಲಿಸಿಟ್ಟು ಗೋಡೆಗೆ ತಾಗಿಸಬಹುದು. ಶ್ವಾಸಕೋಶಕ್ಕೋ ಮೇದೋಜೀರಕಕ್ಕೋ ಹಾಗೆ ಮಾಡಲು ಬರೋದಿಲ್ಲ.

ಹೊಸ ಲಸಿಕೆಗಳ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಲ್ಯಾಬಿನಲ್ಲಿದ್ದೇನೆ.

ರಾಣೇಬೆನ್ನೂರು ಅಕ್ಕ

ನಾನು ಈ ಗುಂಪಿನಲ್ಲಿ ಓದುತ್ತಿದ್ದೆ, ಬರೆದಿರಲಿಲ್ಲ. ಈ ಹುಡುಗನ ಏಜೆಂಟ್ ಮಾತು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಯಜಮಾನರಿಗೆ ಬಾಯಿ ಕ್ಯಾನ್ಸರ್. ಗುಟ್ಕಾ. ಆಪರೇಷನ್, ಕರೆಂಟ್ (ರೇಡಿಯೇಷನ್) ಎಲ್ಲ ಆಗಿ ಒಂದು ವರ್ಷ ಚೆನ್ನಾಗಿದ್ದರು. ಮತ್ತೆ ಬಂತು. ಆಗ ದೂರದ ಊರಿನ ಒಂದು ಕಡೆಯಿಂದ ಫೋನ್ ಬಂತು. ನಿಮ್ಮ ರಕ್ತ ತೆಗೆದು, ಅದರಲ್ಲಿನ ಕೋಶಗಳಿಗೆ ತರಬೇತಿ ಕೊಟ್ಟು ಲಸಿಕೆ ಮಾಡುತ್ತೇವೆ, ಕೀಮೋ ಬೇಡವೇ ಬೇಡ ಅಂದರು. ಕೀಮೋ ಬೇಡ ಅನ್ನೋ ಮಾತು ಅವರಿಗೆ ಬಹಳ ಹಿಡಿಸಿತು. ನನ್ನ ಬಂಗಾರ ಅಡ ಇಟ್ಟು ನಾಲ್ಕೂವರೆ ಲಕ್ಷ ಕಟ್ಟಿದೆವು. ಐದು ಸೂಜಿ ಹಾಕಿದರು. ಬಾಟಲಿ ಮೇಲೆ ಬ್ಯಾಚ್ ನಂಬರ್ ಇರಲಿಲ್ಲ. ಬಿಲ್ಲಿನಲ್ಲಿ ಲಸಿಕೆ ಅಂತಲೇ ಬರೆದಿರಲಿಲ್ಲ, "ಇಮ್ಯುನಿಟಿ ಪ್ಯಾಕೇಜ್" ಅಂತಿತ್ತು. ಆ ಬಿಲ್ ಇವತ್ತಿಗೂ ಟ್ರಂಕಿನಲ್ಲಿದೆ.

ನಾಲ್ಕು ತಿಂಗಳು ಹೋಯಿತು. ಗಂಟಲಿಗೆ ಇಳಿಯಿತು. ಹುಬ್ಬಳ್ಳಿಗೆ ಮರಳಿ ಬಂದಾಗ ಡಾಕ್ಟರು ಬೈಯಲಿಲ್ಲ. ಮುಂಬೈಯ ಟಾಟಾ ಆಸ್ಪತ್ರೆಯವರು ಕಡಿಮೆ ಡೋಸಿನ ಒಂದು ಇಂಜೆಕ್ಷನ್ ಬಗ್ಗೆ ಅಧ್ಯಯನ ಮಾಡಿದ್ದಾರೆ, ಮೊದಲೇ ಬಂದಿದ್ದರೆ ಅದನ್ನು ಯೋಚಿಸಬಹುದಿತ್ತು ಅಂದರು. ಅಷ್ಟೊತ್ತಿಗೆ ಅವರ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ, ನಮ್ಮ ಕೈಯಲ್ಲಿ ದುಡ್ಡೂ ಉಳಿದಿರಲಿಲ್ಲ.

ದುಡ್ಡು ಹೋಯಿತು ಅನ್ನೋದಕ್ಕಿಂತ ಆ ನಾಲ್ಕು ತಿಂಗಳು ಹೋಯಿತಲ್ಲ, ಅದು ನನ್ನನ್ನು ಬಿಡೋದಿಲ್ಲ. ತಮ್ಮಾ, ನಿಮ್ಮ ಕಾಕಾಗೆ ಇದನ್ನು ಓದಿ ಹೇಳಿ.

ಬ್ಯಾಡಗಿ ಹುಡುಗ

ಅಕ್ಕಾ, ಏನು ಬರೆಯಬೇಕು ಅಂತ ತಿಳಿಯುತ್ತಿಲ್ಲ. ಇವತ್ತು ರಾತ್ರಿ ಕಾಕಾನ ಎದುರು ಕೂತು ಓದುತ್ತೇನೆ.

ಟಿ ಕೋಶ

ರಾಣೇಬೆನ್ನೂರು ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಅವರಿಗೆ ಮೋಸ ಮಾಡಿದವರು ಒಂದು ನಿಜವಾದ ವಿಜ್ಞಾನದ ಹೆಸರನ್ನೇ ಬಳಸಿಕೊಂಡಿದ್ದಾರೆ. ಅದಕ್ಕೇ ಜನ ನಂಬುತ್ತಾರೆ. ಹಾಗಾಗಿ ನಿಜ ಯಾವುದು ಅಂತ ಪೂರ್ತಿ ಹೇಳಬೇಕು.

ರಕ್ತದಿಂದ ಕೋಶ ತೆಗೆದು, ಹೊರಗೆ ತಯಾರು ಮಾಡಿ, ವಾಪಸ್ ಕೊಡೋ ಲಸಿಕೆ ಇದೆ. ಹೆಸರು ಸಿಪುಲ್ಯೂಸೆಲ್-ಟಿ. ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮಾತ್ರ. ಮೂರು ಡೋಸಿಗೆ ಆಗ 93,000 ಡಾಲರ್. ಪ್ರಯೋಗದಲ್ಲಿ ಆಯಸ್ಸು ಸರಾಸರಿ 4 ತಿಂಗಳು ಹೆಚ್ಚಿತು, 21.7ರಿಂದ 25.8 ತಿಂಗಳಿಗೆ. ಗಡ್ಡೆ ಮಾಯವಾಗಲಿಲ್ಲ. ಒಳ್ಳೆಯ ಕಂಪನಿ, ನೂರಾರು ರೋಗಿಗಳ ಪ್ರಯೋಗ ಎಲ್ಲ ಮಾಡಿಯೂ ಸಿಕ್ಕಿದ್ದು ಇಷ್ಟು. ಬಾಯಿ ಕ್ಯಾನ್ಸರ್‌ಗೆ ಐದು ಸೂಜಿಯಲ್ಲಿ ಕೀಮೋ ಬೇಡ ಅನ್ನುವವರನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಈ ಕೋಶಗಳ ಹೆಸರು ಡೆಂಡ್ರಿಟಿಕ್ ಕೋಶ. ಆಗ ಹೇಳಿದ "ಸುಕ್ಕು ತೋರಿಸಿಕೊಡೋ" ಕೆಲಸ ದೇಹದಲ್ಲಿ ಮಾಡೋದು ಇವೇ. ಇವನ್ನು ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು. ಅವರಿಗೇ ಮೇದೋಜೀರಕದ ಕ್ಯಾನ್ಸರ್ ಇತ್ತು. ತಾವು ಕಂಡುಹಿಡಿದ ಕೋಶಗಳ ಚಿಕಿತ್ಸೆಯನ್ನು ತಮ್ಮ ಮೇಲೆಯೇ ಮಾಡಿಸಿಕೊಂಡರು. ಬಹುಮಾನ ಘೋಷಣೆ ಆಗುವ ಮೂರು ದಿನ ಮೊದಲು ತೀರಿಕೊಂಡರು. ನಾನು ಈ ವಿಷಯ ಓದಲು ಬಂದದ್ದೇ ಅವರ ಕಥೆ ಕೇಳಿ.

ಲಸಿಕೆ ಗುರುತು ತೋರಿಸಿದರೂ ಕ್ಯಾನ್ಸರ್ ಇನ್ನೊಂದು ಆಟ ಆಡುತ್ತದೆ. ಹತ್ತಿರ ಬಂದ ಟಿ ಕೋಶಕ್ಕೆ, ಅಂದ್ರೆ ಕೆಟ್ಟ ಕೋಶಗಳನ್ನು ಕೊಲ್ಲೋ ಬಿಳಿ ರಕ್ತಕಣಕ್ಕೆ, ಬ್ರೇಕ್ ಹಾಕುತ್ತದೆ. ಹಳೆಯ ಎಷ್ಟೋ ಲಸಿಕೆಗಳು ಸೋತದ್ದಕ್ಕೆ ಇದೂ ಒಂದು ಕಾರಣ. ಆ ಬ್ರೇಕ್ ಬಿಡಿಸೋ ದಾರಿ ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೋ ಅವರಿಗೆ 2018ರ ನೊಬೆಲ್. ಅಕ್ಕನಿಗೆ ಡಾಕ್ಟರು ಹೇಳಿದ ಇಂಜೆಕ್ಷನ್ ಈ ಜಾತಿಯದು, ಹೆಸರು ನಿವೊಲುಮಾಬ್. ಲಸಿಕೆ ಅಲ್ಲ, ಬ್ರೇಕ್ ಬಿಡಿಸೋ ಔಷಧಿ. ಪೂರ್ತಿ ಡೋಸ್ ನಮ್ಮ ಜನರಿಗೆ ಕೊಳ್ಳಲು ಆಗೋದಿಲ್ಲ. ಟಾಟಾದವರು ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ನುಂಗೋ ಔಷಧಿಗಳ ಜೊತೆ ಕೊಟ್ಟು ನೋಡಿದರು. ತಲೆ ಕುತ್ತಿಗೆ ಕ್ಯಾನ್ಸರ್ ಬಹಳ ಮುಂದುವರಿದ 151 ರೋಗಿಗಳು. ಒಂದು ವರ್ಷದ ನಂತರ ಬದುಕಿದ್ದವರು ನಿವೊಲುಮಾಬ್ ಇಲ್ಲದ ಗುಂಪಿನಲ್ಲಿ 16.3%, ಇದ್ದ ಗುಂಪಿನಲ್ಲಿ 43.4%. ಗುಟ್ಕಾ ತಿನ್ನೋ ನಮ್ಮ ನಾಡಿಗೆ ಇದು ದೊಡ್ಡ ಸುದ್ದಿ. ಆದರೆ ಯಾರ ವಾಟ್ಸಾಪಿನಲ್ಲೂ ನಾನು ಇದನ್ನು ಕಂಡಿಲ್ಲ.

ಈಗ ಕಾಕಾನ ಹೊಸ ಲಸಿಕೆ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಡಿಎನ್ಎ, ಅದೇ ರೋಗಿಯ ರಕ್ತದ ಡಿಎನ್ಎ ಎರಡನ್ನೂ ಓದುತ್ತಾರೆ. ಗಡ್ಡೆಯಲ್ಲಿ ಮಾತ್ರ ಇರೋ ತಪ್ಪುಗಳನ್ನು ಹುಡುಕುತ್ತಾರೆ. ಅದರಲ್ಲಿ ಒಳ್ಳೆಯ ಗುರುತು ಯಾವುದು ಅಂತ ಕಂಪ್ಯೂಟರ್ ಆರಿಸುತ್ತದೆ. ಆ ಗುರುತುಗಳನ್ನು ಎಂಆರ್‌ಎನ್‌ಎಯಲ್ಲಿ (ಏನು ತಯಾರಿಸಬೇಕು ಅಂತ ಕೋಶಕ್ಕೆ ಹೇಳೋ ಚೀಟಿ ಇದ್ದ ಹಾಗೆ) ಬರೆದು, ಕೊಬ್ಬಿನ ಸಣ್ಣ ಹನಿಯಲ್ಲಿಟ್ಟು ಸೂಜಿ ಮೂಲಕ ಕೊಡುತ್ತಾರೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗೋದಿಲ್ಲ. ಮಾಡೆರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆಯಲ್ಲಿ 34 ಗುರುತುಗಳವರೆಗೆ ಇರುತ್ತವೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಪರೇಷನ್ ಆದ 157 ಜನರಲ್ಲಿ ನೋಡಿದರು. ಬ್ರೇಕ್ ಬಿಡಿಸೋ ಔಷಧಿ ಒಂದನ್ನೇ ಕೊಟ್ಟವರಿಗಿಂತ, ಜೊತೆಗೆ ಲಸಿಕೆಯನ್ನೂ ಕೊಟ್ಟವರಲ್ಲಿ ರೋಗ ಮರಳುವ ಅಥವಾ ಸಾಯುವ ಅಪಾಯ ಮೂರು ವರ್ಷದ ಹೊತ್ತಿಗೆ 49% ಕಡಿಮೆ ಇತ್ತು. ಬಯೋಎನ್‌ಟೆಕ್ ಲಸಿಕೆಯನ್ನು ನ್ಯೂಯಾರ್ಕಿನಲ್ಲಿ ಮೇದೋಜೀರಕದ ಕ್ಯಾನ್ಸರ್ ಇದ್ದ 16 ಜನರಿಗೆ ಕೊಟ್ಟರು. 8 ಜನರಲ್ಲಿ ಟಿ ಕೋಶಗಳು ಎಚ್ಚೆತ್ತವು. ಮೂರು ವರ್ಷದ ನಂತರ ಆ 8ರಲ್ಲಿ 6 ಜನರಿಗೆ ರೋಗ ಮರಳಿರಲಿಲ್ಲ. ಎಚ್ಚೆತ್ತುಕೊಳ್ಳದ 8ರಲ್ಲಿ 7 ಜನರಿಗೆ ಮರಳಿತ್ತು.

ಇದನ್ನು ಬರೆಯುವಾಗ ನನಗೆ ನಿಜಕ್ಕೂ ಖುಷಿ ಆಗುತ್ತದೆ. ಆದರೆ 157 ಮತ್ತು 16 ಅನ್ನೋ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಇವೆಲ್ಲ ಪ್ರಯೋಗಗಳು. ರಷ್ಯಾ 2024ರ ಡಿಸೆಂಬರ್‌ನಲ್ಲಿ ಘೋಷಣೆ ಮಾಡಿದ್ದು ನಿಜ. ಘೋಷಣೆಯೇ ಫಲಿತಾಂಶ ಅಲ್ಲ. ಗಡ್ಡೆಯ ತುಂಡು ಕೇಳದೆ ಬರೀ ರಕ್ತ ತಗೊಂಡು 7 ಲಕ್ಷಕ್ಕೆ ನಿಮ್ಮದೇ ಲಸಿಕೆ ಮಾಡಿಕೊಡುತ್ತೇವೆ ಅನ್ನುವವನ ಕೈಯಲ್ಲಿ ಇದ್ಯಾವುದೂ ಇಲ್ಲ.

ಸಪ್ತಾಪುರ ಮಾಸ್ತರು

ತಂಗೀ, ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಯಾರಾದರೂ "ಇದು ಟ್ರಯಲ್" ಅಂದರೆ, ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಸಿಟಿಆರ್‌ಐ ಎಂಬ ಪ್ರಯೋಗಗಳ ಪಟ್ಟಿಯ ನೋಂದಣಿ ಸಂಖ್ಯೆ ಕೊಡಿ ಅಂತ ಕೇಳಿ. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸೋದು 2009ರಿಂದ ಕಡ್ಡಾಯ. ಯಾರು ಬೇಕಾದರೂ ಆ ಜಾಲತಾಣದಲ್ಲಿ ಹುಡುಕಬಹುದು. ಸರಿಯಾದ ಪ್ರಯೋಗದಲ್ಲಿ ನೈತಿಕ ಸಮಿತಿ ಇರುತ್ತದೆ, ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರುತ್ತದೆ. ಪ್ರಯೋಗದ ಔಷಧಿಗೆ ರೋಗಿಯಿಂದ ದುಡ್ಡು ಕೇಳೋದಿಲ್ಲ. ಅಡ್ವಾನ್ಸ್ 2 ಲಕ್ಷ ಅಂದ ಕೂಡಲೇ ಫೋನ್ ಇಡಬಹುದು.

ಹಾವೇರಿ ತಾಯಿ

ಸಣ್ಣ ಪ್ರಶ್ನೆ. ಮಗಳಿಗೆ 11 ವರ್ಷ. ಗರ್ಭಕಂಠದ ಕ್ಯಾನ್ಸರ್ ಲಸಿಕೆ ಹಾಕಿಸಿ ಅಂದಿದ್ದಾರೆ. ಅದೂ ಇದೇ ಥರದ್ದಾ? ನಮ್ಮ ಅಕ್ಕನಿಗೆ ಅದೇ ಕ್ಯಾನ್ಸರ್ ಇದೆ, ಅವಳಿಗೂ ಕೊಡಬಹುದಾ?

ಟಿ ಕೋಶ

ಅದು ಬೇರೆ. ಎಚ್‌ಪಿವಿ ವೈರಸ್ ಒಳಗೆ ಬರದ ಹಾಗೆ ತಡೆಯೋ ಲಸಿಕೆ. ಆ ವೈರಸ್ಸೇ ಕಾರಣ ಅಂತ ತೋರಿಸಿದ ಹರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ನಮ್ಮದೇ ದೇಶದ್ದು. ಮಗಳಿಗೆ ಖಂಡಿತ ಹಾಕಿಸಿ, ಇದೇ ಸರಿಯಾದ ವಯಸ್ಸು. ಅಕ್ಕನಿಗೆ ಅದು ಚಿಕಿತ್ಸೆ ಆಗೋದಿಲ್ಲ, ಈಗಾಗಲೇ ಆಗಿರೋ ಗಡ್ಡೆಯನ್ನು ಅದು ಮುಟ್ಟೋದಿಲ್ಲ. ಅವರ ಆಪರೇಷನ್, ಕರೆಂಟ್, ಕೀಮೋ ಏನು ಬರೆದಿದ್ದಾರೋ ಅದನ್ನು ನಿಲ್ಲಿಸಬೇಡಿ.

ಬೆಟಗೇರಿ ಮಗ್ಗ

ನನ್ನ ಅನುಭವದ ಇನ್ನೊಂದು ಮಗ್ಗಲನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪಾಗುತ್ತದೆ. ನನ್ನ ಜೊತೆ ಅದೇ ತಿಂಗಳು ಶುರು ಮಾಡಿದ ಗದಗಿನವರೊಬ್ಬರಿಗೆ ಬಿಸಿಜಿ ಹಿಡಿಯಲಿಲ್ಲ. ಒಂಬತ್ತು ತಿಂಗಳಿಗೆ ಮತ್ತೆ ಬಂತು. ಮೂತ್ರಕೋಶವನ್ನೇ ತೆಗೆದರು. ಈಗ ಹೊಟ್ಟೆ ಮೇಲೆ ಚೀಲ ಇದೆ. ಅಂಗಡಿ ನಡೆಸುತ್ತಾರೆ, ಓಡಾಡುತ್ತಾರೆ. ಹಾಗಾಗಿ ಆರು ಡೋಸ್ ಮುಗಿಯಿತು ಅಂತ ಚೆಕಪ್ ಬಿಡಬಾರದು. ನನಗೆ ಮೂರನೇ ತಿಂಗಳು, ಆರನೇ ತಿಂಗಳು, ಆಮೇಲೆ ಆರಾರು ತಿಂಗಳಿಗೊಮ್ಮೆ ಮೂರು ಮೂರು ಡೋಸ್ ಬರೆದಿದ್ದಾರೆ, ಒಟ್ಟು ಮೂರು ವರ್ಷ. ನಾಲ್ಕನೇ ಡೋಸಿನಿಂದ ಉರಿ ಜಾಸ್ತಿ ಆಗುತ್ತದೆ. ನಾನು ಮಗ್ಗದ ಮುಂದೆ ಒಂದು ತಾಸು ಕೂರಲಾಗದೆ ಎದ್ದೆದ್ದು ಹೋಗುತ್ತಿದ್ದೆ. ಮೂರನೇ ದಿನಕ್ಕೆ ಸರಿಹೋಗುತ್ತಿತ್ತು. ಬೀಡಿ ಮಾತ್ರ ಬಿಡಿಸಿ. ನಾನು ಬಿಟ್ಟೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಯಾವುದಕ್ಕೆ ಸಿಗುತ್ತದೆ, ರೆಫರಲ್ ಚೀಟಿ ಬೇಕಾ ಅಂತ ಆಸ್ಪತ್ರೆಯಲ್ಲಿರೋ ಆರೋಗ್ಯಮಿತ್ರರನ್ನು ಡೋಸಿಗೆ ಮೊದಲೇ ಕೇಳಿ.

ಬ್ಯಾಡಗಿ ಹುಡುಗ

ಮೊದಲ ಡೋಸ್ ಆಯಿತು.

ಬಿಸಿಜಿ ಕುಪ್ಪಿ ನಮ್ಮ ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲ. ಧಾರವಾಡದ ಒಂದು ಮೆಡಿಕಲ್‌ನಲ್ಲಿ ಸಿಕ್ಕಿತು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ಕೊಟ್ಟರು. 2ರಿಂದ 8 ಡಿಗ್ರಿಯೊಳಗೆ ಇರಬೇಕು, ಬಿಸಿಲು ತಾಗಬಾರದು ಅಂದರು. ಚಿಗರಿ ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಬಂದೆ. ನಿಂತಿದ್ದ ಅಜ್ಜಿಯೊಬ್ಬರಿಗೆ ಸೀಟು ಬಿಟ್ಟುಕೊಟ್ಟಾಗ, ಡಬ್ಬಿ ನಾನು ಹಿಡಿದುಕೊಳ್ಳುತ್ತೇನೆ ಕೊಡಪ್ಪಾ ಅಂದರು. ಕೊಡಲು ಮನಸ್ಸಾಗಲಿಲ್ಲ. ನವನಗರ ದಾಟುವಾಗ ಸಿಸ್ಟರ್ ನೆನಪಾದರು.

ಪೈಪ್ ಹಾಕುವಾಗ ಅಪ್ಪ ನನ್ನ ಕೈ ಹಿಡಿದಿದ್ದರು. ನನ್ನ ಕೈ ಅವರು ಹಾಗೆ ಹಿಡಿದು ಎಷ್ಟು ವರ್ಷ ಆಗಿತ್ತೋ. ಔಷಧಿ ಹಾಕಿ ಮುಗಿಯಲು ಐದು ನಿಮಿಷ. ಆಮೇಲೆ ಎರಡು ತಾಸು. ನಾನು ಮೊಬೈಲಿನಲ್ಲಿ ಕಾಲು ತಾಸಿನ ಅಲಾರಾಂ ಇಟ್ಟಿದ್ದೆ. ಗಂಟೆ ಹೊಡೆದಾಗೆಲ್ಲ ಅವರೇ "ಈಗ ಯಾವ ಮಗ್ಗಲಾ?" ಅಂತ ಕೇಳುತ್ತಿದ್ದರು. ಮಲಗಿದ್ದಲ್ಲೇ ಟಿ ಕೋಶ ಮೇಡಂ ಬರೆದ ಮೆಣಸಿನಕಾಯಿ ಮಾತು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಸುಕ್ಕ ನೋಡಿ ಹೇಳಬಹುದು, ಖರೆ. ಆದ್ರ ಮಳಿ ಹಿಡದ ವರ್ಷ ನಮಗೂ ಗೊತ್ತಾಗಂಗಿಲ್ಲ."

ಟಿ ಕೋಶ

ನಿಮ್ಮ ತಂದೆಯವರ ಮಾತನ್ನು ನನ್ನ ಗೈಡ್‌ಗೆ ಹೇಳಿದೆ. ಎಲ್ಲಾ ಗಡ್ಡೆಯಲ್ಲೂ ಗುರುತು ಅಷ್ಟು ಸ್ಪಷ್ಟ ಇರೋದಿಲ್ಲ. ನಾವು ದಿನಾ ಒದ್ದಾಡುತ್ತಿರೋದೇ ಅದರ ಜೊತೆ.

ರಾಣೇಬೆನ್ನೂರು ಅಕ್ಕ

ಕಾಕಾ ಏನಂದರು?

ಬ್ಯಾಡಗಿ ಹುಡುಗ

ಓದಿ ಹೇಳಿದೆ, ಅಕ್ಕಾ. ನಿಮ್ಮ ಬಿಲ್ಲಿನ ಮಾತು ಬಂದಾಗ ಎದ್ದು ಹೊರಗೆ ಹೋದರು. ಮಾರನೇ ದಿನ ಏಜೆಂಟ್‌ಗೆ ಫೋನ್ ಮಾಡಿ ಸಿಟಿಆರ್‌ಐ ನಂಬರ್ ಕೇಳಿದ್ದಾರೆ. ಆಮೇಲೆ ಕಳಿಸುತ್ತೇನೆ ಅಂದವನು ಕಳಿಸಿಲ್ಲ. ಕಾಕಾ ನನ್ನ ಜೊತೆ ಆ ಬಗ್ಗೆ ಮತ್ತೆ ಮಾತಾಡಿಲ್ಲ. ಆದರೆ ಎರಡನೇ ಡೋಸಿಗೆ ಅವರೇ ಅಪ್ಪನನ್ನು ಊರಿನಿಂದ ಕರೆದುಕೊಂಡು ಬಂದರು.

ನವನಗರ ಸಿಸ್ಟರ್

ಬಹಳ ಸಮಾಧಾನ ಆಯಿತು. ಉರಿ, ಜ್ವರ ಹೇಗಿದೆ? ಮೂರನೇ ಡೋಸ್ ಆದ ಮೇಲೆ ಒಮ್ಮೆ ಬರೆಯಿರಿ.

ಬ್ಯಾಡಗಿ ಹುಡುಗ

ನಾಲ್ಕು ಮುಗಿದವು. ಮೂರನೆಯದು ಒಂದು ವಾರ ಮುಂದೆ ಹೋಯಿತು, ಮೂತ್ರದಲ್ಲಿ ಸೋಂಕು ಬಂದಿತ್ತು. ನೀವು ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ನಾಲ್ಕನೆಯದಕ್ಕೆ ರಾತ್ರಿ ಜ್ವರ 100 ಬಂತು, ಬೆಳಿಗ್ಗೆ ಇಳಿಯಿತು. ಬೆಟಗೇರಿ ಅಣ್ಣ ಹೇಳಿದ ಹಾಗೆ ಉರಿ ಜಾಸ್ತಿ ಇದೆ. ಬೀಡಿ ಬಿಟ್ಟು ಐದು ವಾರ ಆಯಿತು, ಆ ಸಿಟ್ಟು ಅವ್ವನ ಮೇಲೆ ಬರುತ್ತಿದೆ.

ನಿನ್ನೆ ಸಂಜೆ ಮೊಮ್ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡು, ಅವನ ತೋಳಿನ ಕಲೆ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. "ನಿಂದು ಒಂದ ಸಲಕ್ಕ ಮುಗದೈತಿ. ನಂದು ಇನ್ನೂ ಎರಡ ಅದಾವ" ಅಂತ ಅವನಿಗೆ ಹೇಳುತ್ತಿದ್ದರು.

ಐದನೆಯದು ನಾಳೆ. ಕುಪ್ಪಿ ತಂದು ಫ್ರಿಜ್ಜಿನಲ್ಲಿ ಇಟ್ಟಾಗಿದೆ. ಸಿಸ್ಟರ್, ಬೆಳಿಗ್ಗೆ 7ಕ್ಕೆ ಮನೆ ಬಿಡುತ್ತೇವೆ, ಅಪ್ಪ ಅರ್ಧ ಕಪ್ ಚಹಾ ಆದರೂ ಕುಡಿಯಲಿ ಅಂತ ಅವ್ವ ಕೇಳುತ್ತಿದ್ದಾಳೆ. ಕೊಡಬಹುದಾ?